ರಸತ್ಯಾಗವಿಲ್ಲದ ಶುದ್ಧಾಹಾರ

ಉದ್ಯೋಗವನ್ನರಸಿ ಹೈದರಾಬಾದಿನ ಮಣಿಕೊಂಡದಂತಹ ಬಡಾವಣೆಗಳಲ್ಲಿ ನೆಲೆಸಿದ ಅನೇಕ ಕನ್ನಡ ಜೈನ ಕುಟುಂಬಗಳು ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳನ್ನು ವರ್ಜಿಸುವ ನಿಯಮವನ್ನು ಪರಸ್ಥಳದಲ್ಲಿಯೂ ಉಳಿಸಿಕೊಂಡಿರುವುದು ಶ್ಲಾಘನೀಯ. ಆದರೆ ವರ್ಜ್ಯವಾದುದನ್ನು ಬಿಟ್ಟ ಮಾತ್ರಕ್ಕೆ ಆಹಾರವು ಹಿತವಾಗುವುದಿಲ್ಲ. ಗಡ್ಡೆಗೆಣಸುಗಳ ಸ್ಥಾನವನ್ನು ಸೋರೆ, ಹೀರೆ, ಹೆಸರು, ತೊಗರಿಗಳು ತುಂಬಬೇಕಿತ್ತು. ಎಷ್ಟೋ ಮನೆಗಳಲ್ಲಿ ತುಂಬಿರುವುದು ಮೈದಾ, ಕರಿದ ತಿಂಡಿ ಮತ್ತು ಸಿಹಿ.

ಅದೇ ನಗರದ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು, ದೇಶದ ಒಟ್ಟು ರೋಗಭಾರದಲ್ಲಿ ಶೇ. 56.4ರಷ್ಟಕ್ಕೆ ಅಹಿತಕರ ಆಹಾರಕ್ರಮವೇ ಕಾರಣವೆಂದು ಅಂದಾಜಿಸಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿ. ಎಣ್ಣೆ, ಸಕ್ಕರೆ ಮಿತವಾಗಿರಲಿ, ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ ಎಂಬುದು ತಜ್ಞರ ಸಲಹೆ.

ಶ್ರಾವಕರಿಗೆ ಈ ಮಾತು ಹೊಸದಲ್ಲ. ತತ್ತ್ವಾರ್ಥಸೂತ್ರವು ಹೇಳುವ ಆರು ಬಾಹ್ಯ ತಪಸ್ಸುಗಳಲ್ಲಿ ಮೊದಲ ನಾಲ್ಕು ಆಹಾರಕ್ಕೇ ಸಂಬಂಧಿಸಿದವು. ಹಸಿವಿಗಿಂತ ಕಡಿಮೆ ಉಣ್ಣುವುದು ಅವಮೌದರ್ಯ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ತೊರೆಯುವುದು ರಸಪರಿತ್ಯಾಗ. ಇವುಗಳ ಉದ್ದೇಶ ಇಂದ್ರಿಯನಿಗ್ರಹ, ಕರ್ಮನಿರ್ಜರೆ; ಆರೋಗ್ಯವು ಜೊತೆಗೆ ದೊರೆಯುವ ಫಲ. ನಾಲಗೆಯನ್ನು ತಣಿಸುವುದಕ್ಕಾಗಿಯೇ ಸಿದ್ಧವಾದ ಭಕ್ಷ್ಯಕ್ಕೆ ‘ಜೈನ’ ಎಂಬ ಚೀಟಿ ಅಂಟಿಸಿದರೆ ವ್ರತದ ಹೆಸರು ಉಳಿದೀತು, ಹುರುಳು ಉಳಿಯದು.

ಸರಕಾರದ ಹೊಣೆಯೂ ಇದರಲ್ಲಿದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯು ಸಸ್ಯಾಹಾರವೆಂದಷ್ಟೇ ಸಾರುತ್ತದೆ. ಉಪ್ಪು, ಸಕ್ಕರೆ, ಕೊಬ್ಬು ಮಿತಿಮೀರಿದ್ದರೆ ಆ ಎಚ್ಚರಿಕೆಯೂ ಮುಂಭಾಗದಲ್ಲಿಯೇ, ಎದ್ದು ಕಾಣುವಂತೆ, ಕಡ್ಡಾಯವಾಗಬೇಕು.

ಕಾನೂನು ಬರುವವರೆಗೆ ಸಮಾಜವು ಕಾಯಬೇಕಿಲ್ಲ. ಬಸದಿಗಳ ಸಾಮೂಹಿಕ ಭೋಜನದಲ್ಲಿ ಸಿಹಿ ಒಂದೇ ಇರಲಿ, ಕರಿದ ಪದಾರ್ಥ ಇಲ್ಲದಿರಲಿ, ರಾಗಿ-ಜೋಳಗಳಿಗೆ ಎಡೆ ದೊರೆಯಲಿ. ಸೂರ್ಯಾಸ್ತಕ್ಕೆ ಮುನ್ನ ಮನೆ ಸೇರಲಾಗದ ಉದ್ಯೋಗಿಯು ರಾತ್ರಿ ಹತ್ತರ ಊಟಕ್ಕೆ ಒಗ್ಗಿಕೊಳ್ಳುವ ಬದಲು ಸಂಜೆಯ ಬುತ್ತಿಯನ್ನು ಕಚೇರಿಗೆ ಒಯ್ಯಲಿ. ದಶಲಕ್ಷಣ ಪರ್ವದಲ್ಲಿ ಉಪವಾಸ ಕೈಗೊಳ್ಳುವ ಮಧುಮೇಹಿಗಳು ಮೊದಲು ವೈದ್ಯರನ್ನು ವಿಚಾರಿಸಲಿ. ಉಪವಾಸ ಕೂಡದೆಂದು ವೈದ್ಯರು ಹೇಳಿದರೆ ಅಳುಕಬೇಕಾಗಿಲ್ಲ. ಸಿಹಿಯ ತ್ಯಾಗವೂ ತಪಸ್ಸೇ.