ಕ್ಯಾಮ್‌ಗಿಂತ ಮೊದಲು ಸ್ಪ್ರಿಂಗ್ ನೋಡಿ

ಮೆಕ್ಯಾನಿಕಲ್ ಬಿ.ಇ. ಓದುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಊರಿನ ಗೆಳೆಯರು ಕೇಳುವ ಪ್ರಶ್ನೆ ಒಂದೇ: ‘ಯಾವ ಕ್ಯಾಮ್ ಹಾಕ್ಸಿದ್ರೆ ಗಾಡಿ ಚೆನ್ನಾಗಿ ಎಳೆಯುತ್ತೆ?’ ಭಾನುವಾರ ನಸುಕಿನಲ್ಲಿ ದೇವನಹಳ್ಳಿ ದಾಟಿ ನಂದಿ ಬೆಟ್ಟದತ್ತ ಹಾರುವ ಬೈಕುಗಳನ್ನು ನೋಡಿ ಬೆಳೆದವರು ನಾವು. ಎಂಜಿನ್ ಬಿಚ್ಚುವುದೆಂದರೆ ಪವರ್ ಏರಿಸುವುದು ಎಂದೇ ನಮ್ಮ ಲೆಕ್ಕ. ನನ್ನ ಅಭಿಪ್ರಾಯ ಬೇರೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಕಂಪನಿಯ ಮೂಲ ಕ್ಯಾಮ್‌ಶಾಫ್ಟನ್ನೇ ಉಳಿಸಿಕೊಳ್ಳಬೇಕು. ಹಣವನ್ನೂ ತಲೆಯನ್ನೂ ವಾಲ್ವ್ ಸ್ಪ್ರಿಂಗ್‌ಗಳಿಗೆ ಖರ್ಚು ಮಾಡಬೇಕು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ದೊಡ್ಡಬಳ್ಳಾಪುರದಲ್ಲಿ ನಮ್ಮ ಚಿಕ್ಕಪ್ಪನಿಗೆ ನಾಲ್ಕು ವಿದ್ಯುತ್ ಮಗ್ಗಗಳಿವೆ, ಒಂದು ಹಳೆಯ ಮಾರುತಿ ಓಮ್ನಿ ಇದೆ. ವಾರಕ್ಕೆ ಎರಡು ಮೂರು ಸಲ ಸೀರೆ ಗಂಟು ಹೇರಿಕೊಂಡು ಸುಮಾರು 40 ಕಿ.ಮೀ. ದೂರದ ಚಿಕ್ಕಪೇಟೆಗೆ ಹೋಗಿಬರುವುದು ಅದರಲ್ಲೇ. ಕಳೆದ ವರ್ಷ ಗಾಡಿ ಹೊಗೆ ಕಾರಲು ಶುರುವಾಯಿತು. ಯಲಹಂಕದ ಫ್ಲೈಓವರ್ ಏರುವಾಗ ಉಸಿರು ಕಟ್ಟಿದಂತಾಗುತ್ತಿತ್ತು. ಎಂಜಿನ್ ಇಳಿಸದೆ ಬೇರೆ ದಾರಿಯಿರಲಿಲ್ಲ. ಚಿಕ್ಕಪ್ಪನ ಹತ್ತಿರ ಇದ್ದದ್ದು 28 ಸಾವಿರ ರೂಪಾಯಿ, ಅದರಲ್ಲೂ ಅರ್ಧ ಸಂಘದ ಸಾಲ. ಗಾಡಿ ನಿಂತಷ್ಟು ದಿನ ಬಾಡಿಗೆ ಆಟೊ ಖರ್ಚು ಬೇರೆ.

ಆಗ ಬಂದದ್ದೇ ಈ ಸಲಹೆ: ‘ಹೇಗೂ ಹೆಡ್ ಬಿಚ್ಚಿದ್ದೀರಿ, ಕ್ಯಾಮ್ ರೀಗ್ರೈಂಡ್ ಮಾಡ್ಸಿ, ಹೆವಿ ಡ್ಯೂಟಿ ಸ್ಪ್ರಿಂಗ್ ಹಾಕ್ಸಿಬಿಡಿ.’

ಚಿಕ್ಕಪ್ಪನಿಗೆ ಕ್ಯಾಮ್ ಎಂದರೇನೆಂದು ವಿವರಿಸುವ ಕಷ್ಟ ನನಗಿರಲಿಲ್ಲ. ಮಗ್ಗದಲ್ಲಿ ಹಾಸಿನ ಎಳೆಗಳನ್ನು ಸರದಿಯಂತೆ ಎತ್ತಿ ಇಳಿಸುವ ‘ಟ್ಯಾಪೆಟ್’ ಕೂಡ ಕ್ಯಾಮೇ. ಮಗ್ಗದ ಕೆಳ ಶಾಫ್ಟ್, ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಒಂದು ಸುತ್ತು ಸುತ್ತುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನ ಕ್ಯಾಮ್‌ಶಾಫ್ಟಿನ ಲೆಕ್ಕವೂ ಅದೇ, ಎರಡಕ್ಕೆ ಒಂದು. ‘ಟ್ಯಾಪೆಟ್ ತಳ್ಳುತ್ತೆ, ವಾಪಸ್ ಎಳೆಯೋರು ಯಾರು?’ ಎಂದು ಚಿಕ್ಕಪ್ಪ ಕೇಳಿದರು. ಎಂಜಿನಿಯರಿಂಗ್ ತರಗತಿಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ನಾವ್ಯಾರೂ ಕೇಳಿರಲಿಲ್ಲ.

ಎಂಜಿನ್ನಿನಲ್ಲಿ ವಾಪಸ್ ತರುವುದು ಸ್ಪ್ರಿಂಗ್. ಕ್ಯಾಮ್ ವಾಲ್ವನ್ನು ತೆರೆಯುತ್ತದೆ ಅಷ್ಟೇ, ಮುಚ್ಚಿಸುವುದು ಸ್ಪ್ರಿಂಗಿನ ಕೆಲಸ. ಓಮ್ನಿಯದು 796 ಸಿ.ಸಿ., ಮೂರು ಸಿಲಿಂಡರ್, ಆರು ವಾಲ್ವ್. ಎಂಜಿನ್ 3 ಸಾವಿರ ಆರ್‌ಪಿಎಂನಲ್ಲಿ ಓಡಿದರೆ ಒಂದೊಂದು ವಾಲ್ವೂ ನಿಮಿಷಕ್ಕೆ 1,500 ಸಲ, ಗಂಟೆಗೆ 90 ಸಾವಿರ ಸಲ ತೆರೆದು ಮುಚ್ಚುತ್ತದೆ. ಚಿಕ್ಕಪೇಟೆಗೆ ಒಮ್ಮೆ ಹೋಗಿ ಬರುವಷ್ಟರಲ್ಲಿ ಒಂದೊಂದು ಸ್ಪ್ರಿಂಗ್ ಎಷ್ಟು ಸಲ ಕುಗ್ಗಿ ಹಿಗ್ಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ವರ್ಷಗಟ್ಟಲೆ ಬಿಸಿಯಲ್ಲಿ ಹೀಗೆ ದುಡಿದ ಸ್ಪ್ರಿಂಗ್ ಸೊರಗುತ್ತದೆ. ಸೊರಗಿದ ಸ್ಪ್ರಿಂಗಿಗೆ ಹೆಚ್ಚಿನ ವೇಗದಲ್ಲಿ ವಾಲ್ವನ್ನು ಕ್ಯಾಮಿನ ಬೆನ್ನಿಗೇ ಅಂಟಿಸಿಟ್ಟುಕೊಳ್ಳಲು ಆಗುವುದಿಲ್ಲ. ವಾಲ್ವ್ ತೇಲುತ್ತದೆ, ಸೀಟಿನ ಮೇಲೆ ಕುಪ್ಪಳಿಸುತ್ತದೆ.

ಹಾಗಾದರೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಮುಗಿಯಿತಲ್ಲ? ಇಲ್ಲ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. ಉಳಿದೆಲ್ಲ ಅಳತೆ ಅದೇ ಇದ್ದು, 4 ಮಿ.ಮೀ. ತಂತಿಯ ಬದಲು 4.2 ಮಿ.ಮೀ. ಬಳಸಿದರೆ ಬಿಗಿ ಶೇ 21ರಷ್ಟು ಹೆಚ್ಚುತ್ತದೆ. ಕಣ್ಣಿಗೆ ಕಾಣದ ವ್ಯತ್ಯಾಸ! ಆ ಹೆಚ್ಚುವರಿ ಒತ್ತಡವನ್ನು ಹೊರುವುದು ಕ್ಯಾಮಿನ ಉಬ್ಬು ಮತ್ತು ರಾಕರ್. ಎಣ್ಣೆಯ ತೆಳು ಪದರ ಹರಿದು ಅವು ಬೇಗ ಸವೆಯುತ್ತವೆ. ಎಂಜಿನ್ ತನ್ನ ಶಕ್ತಿಯ ಒಂದು ಪಾಲನ್ನು ಸ್ಪ್ರಿಂಗ್ ಅದುಮಲಿಕ್ಕೇ ಕಳೆದುಕೊಳ್ಳುತ್ತದೆ. ಓಮ್ನಿಗೆ ಗರಿಷ್ಠ ಶಕ್ತಿ ಸಿಗುವುದೇ 5 ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ. ಅದನ್ನು ಯಾರೂ 8 ಸಾವಿರಕ್ಕೆ ಓಡಿಸುವುದಿಲ್ಲ. ಮತ್ತೆ ಯಾರಿಗಾಗಿ ಹೆವಿ ಡ್ಯೂಟಿ?

ರೇಸ್ ಕ್ಯಾಮಿನ ಕತೆಯೂ ಹೀಗೆಯೇ. ಅದು ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ವೇಗ ಹೆಚ್ಚಿದ್ದಾಗ ಇದು ಲಾಭ. ಒಳನುಗ್ಗುವ ಗಾಳಿಗೆ ಓಟದ ರಭಸವಿರುತ್ತದೆ. ಆದರೆ ಹೆಬ್ಬಾಳದ ಜಾಮಿನಲ್ಲಿ ಎರಡನೇ ಗೇರಿನಲ್ಲಿ ತೆವಳುವಾಗ ಆ ರಭಸ ಇರುವುದಿಲ್ಲ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಮೇಲೇರುವ ಪಿಸ್ಟನ್, ಎಳೆದುಕೊಂಡ ಮಿಶ್ರಣದಲ್ಲಿ ಸ್ವಲ್ಪವನ್ನು ವಾಪಸ್ ತಳ್ಳಿಬಿಡುತ್ತದೆ. ಐಡ್ಲಿಂಗ್ ಕುಂಟುತ್ತದೆ, ಕೆಳಗಿನ ಎಳೆತ ಹೋಗುತ್ತದೆ, ಪೆಟ್ರೋಲ್ ಖರ್ಚು ಏರುತ್ತದೆ. ಆ ಕುಂಟು ಸದ್ದೇ ನಮ್ಮ ಹುಡುಗರಿಗೆ ಸಂಗೀತ. ಸೀರೆ ಗಂಟು ಹೊರುವ ಗಾಡಿಗೆ ಅದು ಶನಿ. ಇನ್ನು ರೀಗ್ರೈಂಡ್ ಮಾಡುವಾಗ ಕ್ಯಾಮಿನ ಮೇಲ್ಮೈಯ ಗಟ್ಟಿ ಪದರ ಎಷ್ಟು ಉಳಿಯುತ್ತದೆ ಎನ್ನುವುದು ಉಜ್ಜುವವನ ಕೈಗುಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ ಎನ್ನುವುದನ್ನೂ ನೆನಪಿಡಿ. (ಹಳೆಯ ಯಜ್ದಿ, ಆರ್‌ಎಕ್ಸ್ 100 ಪ್ರಿಯರಿಗೆ ಈ ತಲೆನೋವೇ ಇಲ್ಲ. ಟೂ ಸ್ಟ್ರೋಕಿನಲ್ಲಿ ಕ್ಯಾಮೂ ಇಲ್ಲ, ವಾಲ್ವ್ ಸ್ಪ್ರಿಂಗೂ ಇಲ್ಲ. ಪುಣ್ಯವಂತರು.)

ನಾವು ಮಾಡಿದ್ದು ಇಷ್ಟು. ಕ್ಯಾಮಿನ ಆರೂ ಉಬ್ಬುಗಳನ್ನು ಮೈಕ್ರೋಮೀಟರಿನಲ್ಲಿ ಅಳೆದೆವು. ಸವೆತ ಮಿತಿಯೊಳಗೆ ಇತ್ತು, ಗೀರು ಗುಳಿಗಳಿರಲಿಲ್ಲ. ಅದೇ ಕ್ಯಾಮ್ ಸಾಕು ಎಂದು ತೀರ್ಮಾನಿಸಿದೆವು. ಒಂದು ವೇಳೆ ಹೊಸ ಕ್ಯಾಮ್ ಹಾಕಲೇಬೇಕಾಗಿ ಬಂದರೆ ರಾಕರ್‌ಗಳನ್ನೂ ನೋಡಿಕೊಳ್ಳಿ. ಸವೆದ ಹಳೆಯ ರಾಕರ್ ಹೊಸ ಕ್ಯಾಮನ್ನು ಬೇಗ ತಿಂದುಹಾಕುತ್ತದೆ. ನಂತರ ಆರು ಸ್ಪ್ರಿಂಗ್‌ಗಳನ್ನೂ ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿದೆವು. ಎರಡು ಬರಿಗಣ್ಣಿಗೇ ಗಿಡ್ಡ. ಸ್ಪ್ರಿಂಗ್ ಟೆಸ್ಟರ್ ನಮ್ಮಲ್ಲಿ ಎಲ್ಲಿಂದ ಬರಬೇಕು? ಮಗ್ಗದ ಮನೆಯಲ್ಲಿ ರೇಷ್ಮೆ ನೂಲು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಪಕ್ಕದ ವೆಲ್ಡಿಂಗ್ ಶಾಪಿನ ಡ್ರಿಲ್ಲಿಂಗ್ ಮಷೀನಿನ ಕೆಳಗಿಟ್ಟು, ಆರನ್ನೂ ಒಂದೇ ಎತ್ತರಕ್ಕೆ ಮೆಲ್ಲಗೆ ಅದುಮಿ, ತಕ್ಕಡಿ ತೋರಿಸಿದ್ದನ್ನು ಬರೆದುಕೊಂಡೆವು. ಗಿಡ್ಡವಾದ ಎರಡೂ ಉಳಿದವಕ್ಕಿಂತ ಸುಮಾರು 3 ಕೆ.ಜಿ. ಕಡಿಮೆ ತೋರಿಸಿದವು. ಎರಡನ್ನೇ ಬದಲಿಸಿದರೆ ಸಾಲದೇ ಎಂದರು ಚಿಕ್ಕಪ್ಪ. ಉಳಿದ ನಾಲ್ಕೂ ಅಷ್ಟೇ ವರ್ಷ ದುಡಿದಿವೆ ಎಂದೆ. ಆರೂ ಹೊಸವು ಬಂದವು, ಮೂಲ ಅಳತೆಯವೇ. ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹೋಗುವವರಿಗೆ ಒಂದು ಮಾತು: ಪಾರ್ಟ್ ನಂಬರ್ ಬರೆದುಕೊಂಡು, ಜೇಬಿನಲ್ಲಿ ವರ್ನಿಯರ್ ಇಟ್ಟುಕೊಂಡು ಹೋಗಿ.

ಬಹುತೇಕರು ಮರೆಯುವ ಸಂಗತಿಯೊಂದಿದೆ. ವಾಲ್ವ್ ಸೀಟನ್ನು ಮತ್ತೆ ಕಡಿದಾಗ ವಾಲ್ವ್ ಹೆಡ್ಡಿನೊಳಗೆ ಸ್ವಲ್ಪ ಆಳಕ್ಕೆ ಕೂರುತ್ತದೆ, ಅದರ ಬಾಲ ಮೇಲಕ್ಕೆ ಬರುತ್ತದೆ. ಅಂದರೆ ಸ್ಪ್ರಿಂಗಿಗೆ ಸಿಗುವ ಜಾಗ ಹೆಚ್ಚಿ ಅದು ಸಡಿಲವಾಗಿ ಕೂರುತ್ತದೆ. ಹೊಸ ಸ್ಪ್ರಿಂಗ್ ಹಾಕಿಯೂ ಹಳೆಯದರ ಒತ್ತಡವೇ! ಆ ಎತ್ತರವನ್ನು ಅಳೆದು, ಸ್ಪ್ರಿಂಗಿನ ಕೆಳಗೆ ಬೇಕಾದಷ್ಟು ದಪ್ಪದ ಶಿಮ್ ಕೊಡಬೇಕು. ಬಿಲ್ಲಿನಲ್ಲಿ ಶಿಮ್ಮಿನದು ಜುಜುಬಿ ಮೊತ್ತ. ಹಾಗೆಂದು ಅತಿಯಾಗಿ ಕೊಟ್ಟರೆ ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿ ಲಾಕ್ ಆಗುತ್ತವೆ. ಪೂರ್ತಿ ತೆರೆದಾಗಲೂ ಸುರುಳಿಗಳ ನಡುವಿನ ಸಂದುಗಳೆಲ್ಲ ಸೇರಿ ಕನಿಷ್ಠ ಒಂದು ಮಿ.ಮೀ. ಆದರೂ ಉಳಿಯಬೇಕು.

ಎಲೆಕ್ಟ್ರಿಕ್ ಗಾಡಿಗಳ ಕಾಲದಲ್ಲಿ ಇದನ್ನೆಲ್ಲ ಕಲಿತು ಏನು ಮಾಡುತ್ತೀಯ ಎಂದು ಸಹಪಾಠಿಗಳು ನಗುತ್ತಾರೆ. ವಿಟಿಯು ಪರೀಕ್ಷೆಗಾಗಿ ನಾವೆಲ್ಲ ಕ್ಯಾಮ್ ಪ್ರೊಫೈಲ್ ಬರೆದಿದ್ದೇವೆ, ಸ್ಪ್ರಿಂಗ್ ಸೂತ್ರ ಬಾಯಿಪಾಠ ಮಾಡಿದ್ದೇವೆ. ನಮ್ಮಲ್ಲಿ ಎಷ್ಟು ಜನ ಒಂದು ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ಅಳೆದಿದ್ದೇವೆ? ಪೀಣ್ಯದ ಕಾರ್ಖಾನೆಯೊಂದಕ್ಕೆ ಸಂದರ್ಶನಕ್ಕೆ ಹೋದ ನಮ್ಮ ಸೀನಿಯರ್‌ಗೆ ಕೇಳಿದ ಮೊದಲ ಪ್ರಶ್ನೆ ಮೈಕ್ರೋಮೀಟರ್ ಓದುವುದು ಹೇಗೆ ಎಂದು. ಅವರ ಸಿಜಿಪಿಎ ಆಗ ನೆರವಿಗೆ ಬರಲಿಲ್ಲ. ಬ್ಯಾಟರಿ ಗಾಡಿಯಲ್ಲೂ ಸಸ್ಪೆನ್ಶನ್ನಿಗೆ ಸ್ಪ್ರಿಂಗ್ ಇದೆ, ಅದೂ ಸೊರಗುತ್ತದೆ. ನೆಲಮಂಗಲ, ಹೊಸಕೋಟೆ ರಸ್ತೆಗಳಲ್ಲಿ ಓಡುವ ಹಳೆಯ ಗೂಡ್ಸ್ ಗಾಡಿಗಳೇನೂ ನಾಳೆಯೇ ಮಾಯವಾಗುವುದಿಲ್ಲ. ಅವುಗಳ ಮಾಲೀಕರಲ್ಲಿ ಹೆಚ್ಚಿನವರು ನಮ್ಮ ಚಿಕ್ಕಪ್ಪನಂತೆ ಸಾಲದ ದುಡ್ಡಿನಲ್ಲೇ ಎಂಜಿನ್ ಇಳಿಸುವವರು. ಅವರಿಗೆ ಅಳೆದು ಹೇಳುವವರು ಬೇಕು.

ಸ್ಪ್ರಿಂಗ್, ವಾಲ್ವ್ ಸೀಲ್, ಪಿಸ್ಟನ್ ರಿಂಗ್, ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್, ಮಷೀನ್ ಶಾಪಿನ ಕೂಲಿ ಎಲ್ಲ ಸೇರಿ 28 ಸಾವಿರದೊಳಗೇ ಮುಗಿಯಿತು. ಉಳಿದ ಸ್ವಲ್ಪ ಹಣದಲ್ಲಿ ಚಿಕ್ಕಪ್ಪ ಮುಂದಿನ ಒಂದು ಟೈರ್ ಹಾಕಿಸಿದರು. ಸಾವಿರ ಕಿ.ಮೀ. ಓಡಿದ ಮೇಲೆ ಆಯಿಲ್ ಬದಲಿಸಿ, ಟ್ಯಾಪೆಟ್ ಸಂದು ಮತ್ತೆ ಸರಿಪಡಿಸಿದೆವು. ಹೊಸ ಸೀಟಿನಲ್ಲಿ ವಾಲ್ವ್ ಕೂತುಕೊಂಡಂತೆ ಆ ಸಂದು ಬದಲಾಗುತ್ತದೆ. ಎಂಜಿನ್ ಬಿಚ್ಚಿಸಿದವರು ಇದನ್ನೊಂದು ಬಿಡಬೇಡಿ.