ಟ್ರ್ಯಾಕ್ಟರ್ ಖರೀದಿಗೆ ಮುನ್ನ ಗಂಟೆಗಳ ಲೆಕ್ಕ

ದೊಡ್ಡಬಳ್ಳಾಪುರ ತಾಲ್ಲೂಕಿನ ಬಾಶೆಟ್ಟಿಹಳ್ಳಿಯು ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೇರಿದ ಊರು. ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಎರಡು ತಲೆಮಾರಿನ ಉದ್ದಿಮೆದಾರರು ನೆಲೆ ಕಂಡಿದ್ದಾರೆ. ಕಾರ್ಖಾನೆಯ ಕಾಂಪೌಂಡಿನಿಂದ ಎರಡು ಕಿಲೋಮೀಟರ್ ಸಾಗಿದರೆ ರಾಗಿ ಹೊಲ, ಮಾವಿನ ತೋಪು, ದ್ರಾಕ್ಷಿಯ ಚಪ್ಪರಗಳು ಎದುರಾಗುತ್ತವೆ. ಕರ್ನಾಟಕ ಭೂ ಸುಧಾರಣಾ ಅಧಿನಿಯಮದ 79ಎ ಮತ್ತು 79ಬಿ ಪ್ರಕರಣಗಳು 2020ರ ತಿದ್ದುಪಡಿಯಿಂದ ರದ್ದಾದ ತರುವಾಯ, ಕೃಷಿಕರಲ್ಲದವರಿಗೂ ಕೃಷಿ ಭೂಮಿಯನ್ನು ಕೊಳ್ಳುವ ದಾರಿ ತೆರೆಯಿತು. ಲಾಭದಲ್ಲಿ ಉಳಿದ ಹಣವನ್ನು ಮೂರು ನಾಲ್ಕು ಎಕರೆ ಜಮೀನಿನಲ್ಲಿ ತೊಡಗಿಸುವುದು ಸಣ್ಣ ಉದ್ದಿಮೆದಾರರಲ್ಲಿಯೂ ವರ್ತಕರಲ್ಲಿಯೂ ಈಗ ಸಾಮಾನ್ಯ ಸಂಗತಿಯಾಗಿದೆ.

ಜಮೀನು ಬಂದ ಮರುವರ್ಷವೇ ಟ್ರ್ಯಾಕ್ಟರ್ ಕೊಳ್ಳುವ ಆಲೋಚನೆ ಬರುತ್ತದೆ. ಲೇತ್ ಯಂತ್ರವನ್ನೋ ವಿದ್ಯುತ್ ಮಗ್ಗವನ್ನೋ ಕೊಳ್ಳುವಾಗ ಅದು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ, ಬಂಡವಾಳ ಎಷ್ಟು ವರ್ಷದಲ್ಲಿ ಮರಳುತ್ತದೆ ಎಂದು ಪೈಸೆಪೈಸೆಯ ಲೆಕ್ಕ ಹಾಕುವವರು, ತೋಟದ ಯಂತ್ರದ ವಿಷಯ ಬಂದಾಗ ಆ ಶಿಸ್ತನ್ನು ಕಾರ್ಖಾನೆಯ ಗೇಟಿನಲ್ಲಿಯೇ ಬಿಟ್ಟುಬರುತ್ತಾರೆ. ಅಶ್ವಶಕ್ತಿ ಎಷ್ಟು, ಬಣ್ಣ ಯಾವುದು, ಪಕ್ಕದ ತೋಟದವರು ಏನು ಕೊಂಡರು ಎಂಬುದೇ ನಿರ್ಧಾರಕ್ಕೆ ಆಧಾರವಾಗುತ್ತದೆ. ಪರಿಣಾಮವಾಗಿ ವರ್ಷದಲ್ಲಿ ಇಪ್ಪತ್ತು ಗಂಟೆ ಓಡಿ, ಉಳಿದ ಕಾಲವೆಲ್ಲ ತಗಡಿನ ಶೆಡ್ಡಿನಲ್ಲಿ ನಿಂತಿರುವ ಟ್ರ್ಯಾಕ್ಟರುಗಳ ಸಂಖ್ಯೆ ಹೆಚ್ಚುತ್ತಿದೆ. ಅವುಗಳಲ್ಲಿ ಸಿಲುಕಿರುವುದು ಬಹುತೇಕ ಕಾರ್ಖಾನೆಯ ದುಡಿಯುವ ಬಂಡವಾಳ ಎಂಬುದೇ ಚಿಂತೆಯ ವಿಷಯ.

ಎಕರೆಯಲ್ಲ, ಗಂಟೆ

ಒಂದು ಉದಾಹರಣೆಯ ಮೂಲಕ ವಿಷಯವನ್ನು ಪರಿಶೀಲಿಸಬಹುದು. ಸಣ್ಣ ಟ್ರ್ಯಾಕ್ಟರ್, ಅದಕ್ಕೊಂದು ರೋಟವೇಟರ್ ಮತ್ತು ಹುಲ್ಲು ಕತ್ತರಿಸುವ ಸಲಕರಣೆ ಸೇರಿ 6,00,000 ರೂ. ಆಗುತ್ತದೆ, ಬಾಳಿಕೆ 12 ವರ್ಷ, ಕೊನೆಗೆ ಬರುವ ಬೆಲೆ 1,20,000 ರೂ. ಎಂದು ಭಾವಿಸಿದರೆ ವಾರ್ಷಿಕ ಸವಕಳಿ 40,000 ರೂ. ಸರಾಸರಿ ಹೂಡಿಕೆಯಾದ 3,60,000 ರೂ. ಮೇಲೆ ಶೇ. 10ರ ಬಡ್ಡಿ 36,000 ರೂ. ವಿಮೆ, ಶೆಡ್ಡು ಮತ್ತು ಕನಿಷ್ಠ ಸರ್ವಿಸಿಗೆ 14,000 ರೂ. ಹಿಡಿದರೆ, ಗಾಡಿ ಒಂದು ಗಂಟೆಯೂ ಓಡದಿದ್ದರೂ ವರ್ಷಕ್ಕೆ 90,000 ರೂ. ಸ್ಥಿರ ವೆಚ್ಚ ತಗಲುತ್ತದೆ. ಓಡುವಾಗ ಗಂಟೆಗೆ ಮೂರು ಲೀಟರ್ ಡೀಸೆಲ್, ಆಯಿಲ್, ಸವೆತ, ಚಾಲಕನ ಕೂಲಿ ಸೇರಿ 500 ರೂ. ಎಂದು ಇಟ್ಟುಕೊಳ್ಳಬಹುದು.

ಇದಕ್ಕೆ ಪರ್ಯಾಯ ಬಾಡಿಗೆಯ ದೊಡ್ಡ ಟ್ರ್ಯಾಕ್ಟರ್. ಅದರ ಬಾಡಿಗೆ ಗಂಟೆಗೆ 1,100 ರೂ. ಎಂದುಕೊಂಡರೂ, ಅದು ಒಂದು ಗಂಟೆಯಲ್ಲಿ ಮಾಡುವ ಕೆಲಸಕ್ಕೆ ಸಣ್ಣ ಗಾಡಿಗೆ ಒಂದೂವರೆ ಗಂಟೆ, ಅಂದರೆ 750 ರೂ. ಬೇಕು. ಉಳಿತಾಯ ಗಂಟೆಗೆ 350 ರೂ. ಮಾತ್ರ. 90,000 ರೂ. ಸ್ಥಿರ ವೆಚ್ಚ ಈ ಉಳಿತಾಯದಿಂದ ತೀರಬೇಕಾದರೆ ದೊಡ್ಡ ಗಾಡಿಯ 257 ಗಂಟೆಗಳಷ್ಟು ಕೆಲಸ ಇರಬೇಕು. ಎಕರೆಗೆ ವರ್ಷದಲ್ಲಿ ನಾಲ್ಕು ಗಂಟೆ ಉಳುಮೆ ಎಂದರೆ 64 ಎಕರೆ! ನಾಲ್ಕು ಎಕರೆ ರಾಗಿ ಹೊಲದ ಒಡೆಯರಿಗೆ ಬೇಕಾದದ್ದು 16 ಗಂಟೆ. ಬಾಡಿಗೆಗೆ ತಗಲುವುದು 17,600 ರೂ. ಬಯಲು ಹೊಲವಷ್ಟೇ ಇರುವವರು ಟ್ರ್ಯಾಕ್ಟರ್ ಕೊಳ್ಳಬಾರದು ಎಂಬ ತೀರ್ಮಾನಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಆದರೆ ತೋಟದ ಲೆಕ್ಕವೇ ಬೇರೆ. 9 ಅಡಿ ಅಂತರದ ಅಡಿಕೆ ಸಾಲುಗಳ ನಡುವೆ, ಅಥವಾ ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರದಡಿಯಲ್ಲಿ ದೊಡ್ಡ ಟ್ರ್ಯಾಕ್ಟರ್ ತಿರುಗುವುದು ಕಷ್ಟ. ಅಲ್ಲಿ ಪರ್ಯಾಯವೆಂದರೆ ಬಾಡಿಗೆಯ ಗಾಡಿಯಲ್ಲ, ಕೂಲಿಯಾಳು. ಒಂದು ಎಕರೆಯ ಕಳೆ ತೆಗೆಯಲು ಹತ್ತು ಆಳು, ತಲಾ 500 ರೂ. ಕೂಲಿ ಎಂದರೆ 5,000 ರೂ.; ಸಣ್ಣ ಟ್ರ್ಯಾಕ್ಟರಿಗೆ ಮೂರು ಗಂಟೆ, 1,500 ರೂ. ಒಂದು ಸುತ್ತಿಗೆ ಎಕರೆಗೆ 3,500 ರೂ. ಉಳಿತಾಯವಾಗುವುದರಿಂದ, ವರ್ಷಕ್ಕೆ ನಾಲ್ಕು ಸುತ್ತು ನಡೆಸುವ ತೋಟ ಸುಮಾರು ಆರೂವರೆ ಎಕರೆ ಇದ್ದರೆ ಸ್ಥಿರ ವೆಚ್ಚ ತೀರುತ್ತದೆ. ಒಂದೇ ಗಾಡಿ, ಒಂದೇ ಬೆಲೆ. ಒಂದು ಕಡೆ 64 ಎಕರೆ, ಇನ್ನೊಂದು ಕಡೆ ಆರೂವರೆ ಎಕರೆ. ಗಾಡಿ ಯಾವ ವೆಚ್ಚವನ್ನು ತಪ್ಪಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಅಶ್ವಶಕ್ತಿಯ ಚರ್ಚೆಗೆ ಇಳಿಯುವುದು ವ್ಯರ್ಥ. ಇಲ್ಲಿ ಹಿಡಿದಿರುವ ದರಗಳು ಉದಾಹರಣೆಗೆ ಮಾತ್ರ. ಪ್ರತಿಯೊಬ್ಬರೂ ತಮ್ಮ ಊರಿನ ಬಾಡಿಗೆ, ಕೂಲಿಗಳನ್ನು ಅದೇ ಜಾಗದಲ್ಲಿಟ್ಟು ಲೆಕ್ಕ ಮಾಡಿಕೊಳ್ಳಬೇಕು.

ಕಡಿಮೆ ಬಂಡವಾಳದ ಮೂರನೆಯ ದಾರಿ

ಟ್ರ್ಯಾಕ್ಟರ್ ಮತ್ತು ಕೂಲಿಯಾಳುಗಳ ನಡುವೆ ಪವರ್ ವೀಡರ್ ಎಂಬ ಮೂರನೆಯ ದಾರಿಯಿದೆ. 70,000 ರೂ. ಬೆಲೆ, ಏಳು ವರ್ಷ ಬಾಳಿಕೆ ಎಂದು ಹಿಡಿದರೆ ಸವಕಳಿ 10,000 ರೂ., ಬಡ್ಡಿ 3,500 ರೂ., ರಿಪೇರಿ 4,500 ರೂ. ಸೇರಿ ಸ್ಥಿರ ವೆಚ್ಚ 18,000 ರೂ. ಗಂಟೆಗೆ 250 ರೂ. ವೆಚ್ಚದಲ್ಲಿ ಎಕರೆಗೆ ಆರು ಗಂಟೆ ತೆಗೆದುಕೊಂಡರೂ ಆಗುವುದು ಅದೇ 1,500 ರೂ. ಹೀಗಾಗಿ ಒಂದೂಕಾಲು ಎಕರೆಗಿಂತ ತುಸು ಹೆಚ್ಚಿನ ತೋಟದಲ್ಲಿಯೇ ಇದರ ಬೆಲೆ ಹುಟ್ಟುತ್ತದೆ.

ಇದರ ಮಿತಿ ಇರುವುದು ಹಣದಲ್ಲಲ್ಲ, ಕಾಲದಲ್ಲಿ. ಈ ಭಾಗದ ಕೆಂಪು ಮಣ್ಣು ಮಳೆ ಬಿದ್ದ ಕೆಲವು ದಿನ ಮಾತ್ರ ಹದವಾಗಿರುತ್ತದೆ; ಆಮೇಲೆ ಬಿಗಿದುಕೊಳ್ಳುತ್ತದೆ. ಯಂತ್ರದ ಹಿಂದೆ ನಡೆಯುವ ಮನುಷ್ಯ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಯುವುದು ಕಷ್ಟ. ಹದ ಎಂಟು ದಿನ ಇರುತ್ತದೆ ಎಂದುಕೊಂಡರೆ ಆ ಅವಧಿಯಲ್ಲಿ ಮುಗಿಯುವುದು ಆರೂವರೆ ಎಕರೆ. ಅದರಾಚೆಗೆ ಹೋದವರಿಗೆ ಸಣ್ಣ ಟ್ರ್ಯಾಕ್ಟರ್ ಅಗತ್ಯವಾಗುತ್ತದೆ. ಹದ ತಪ್ಪಿದರೆ ಬೆಳೆ ತಪ್ಪುತ್ತದೆ, ಬಾಡಿಗೆಯವರು ಬೇಕಾದ ದಿನ ಬರುವುದಿಲ್ಲ ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಅನುಕೂಲಕ್ಕೆ ತೆರುವ ಬೆಲೆ ಎಷ್ಟು ಎಂಬುದು ತಿಳಿದಿರಬೇಕು. 16 ಗಂಟೆಯ ಕೆಲಸಕ್ಕೆ 90,000 ರೂ. ದುಬಾರಿ.

ಹುಲ್ಲಿನ ಯಂತ್ರದ ವಿಷಯವೂ ಹೀಗೆಯೇ. ಕಾರ್ಖಾನೆಯ ಮುಂದಿನ ಸಮತಟ್ಟಾದ ಹುಲ್ಲುಹಾಸಿಗೆ ತಳ್ಳುವ ಮೋವರ್ ಸಾಕು. ಕಲ್ಲು, ಲಂಟಾನ, ಪಾರ್ಥೇನಿಯಂ ತುಂಬಿದ ಹಿತ್ತಲಿಗೆ ಅದೇ ಮೋವರನ್ನು ಒಯ್ದರೆ ಬ್ಲೇಡು ಒಂದು ವಾರವೂ ಬಾಳುವುದಿಲ್ಲ. ಅಲ್ಲಿಗೆ ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟರ್ ತಕ್ಕದ್ದು. ಟ್ರ್ಯಾಕ್ಟರ್ ಈಗಾಗಲೇ ಇರುವ ತೋಟದಲ್ಲಿ ಪಿಟಿಒ ಬಲದಿಂದ ತಿರುಗುವ ಸ್ಲ್ಯಾಷರ್ ಜೋಡಿಸಿದರೆ ಕುಳಿತು ಓಡಿಸುವ ಪ್ರತ್ಯೇಕ ಮೋವರಿನ ಅಗತ್ಯವಿಲ್ಲ. ಕತ್ತರಿಸಿದ ಹುಲ್ಲು ಗಿಡದ ಬುಡದಲ್ಲಿಯೇ ಮುಚ್ಚಿಗೆಯಾಗಿ ಉಳಿದರೆ ತೇವವೂ ಉಳಿಯುತ್ತದೆ. ಸಾವಿರ ಅಡಿಗೂ ನೀರು ಸಿಗದ ಕೊಳವೆಬಾವಿಗಳ ತಾಲ್ಲೂಕಿನಲ್ಲಿ ಇದು ಅಲ್ಪ ಲಾಭವಲ್ಲ.

ಆಯ್ಕೆಯಲ್ಲಿ ಗಮನಿಸಬೇಕಾದದ್ದು

ಲೆಕ್ಕವು ಖರೀದಿಯ ಪರವಾಗಿಯೇ ಬಂದರೆ, ಮೊದಲು ಅಳೆಯಬೇಕಾದದ್ದು ಸಾಲಿನ ಅಗಲ, ಚಪ್ಪರದ ಎತ್ತರ ಮತ್ತು ಬದುವಿನ ಬಳಿ ಗಾಡಿ ತಿರುಗುವ ಜಾಗ. ಮೂರರಿಂದ ನಾಲ್ಕು ಅಡಿ ಅಗಲದ ಗಾಡಿಗಳು ಮಾರುಕಟ್ಟೆಯಲ್ಲಿವೆ. ಜಾಹೀರಾತಿನ ಅಶ್ವಶಕ್ತಿ ಎಂಜಿನ್ನಿನದು. ರೋಟವೇಟರನ್ನು ತಿರುಗಿಸುವುದು ಪಿಟಿಒ ಅಶ್ವಶಕ್ತಿ, ಅದು ಯಾವಾಗಲೂ ಕಡಿಮೆ. ಇಳಿಜಾರು ಅಥವಾ ಕೆಸರು ಇರುವಲ್ಲಿ ನಾಲ್ಕು ಚಕ್ರಗಳ ಚಾಲನೆಗೆ ಹೆಚ್ಚು ಹಣ ತೆರುವುದು ಸಾರ್ಥಕ. ಸಮತಟ್ಟಾದ ಒಣಭೂಮಿಯಲ್ಲಿ ಅಷ್ಟು ಅನಿವಾರ್ಯವಲ್ಲ.

ಆಯ್ಕೆಗೆ ಕೊರತೆಯಿಲ್ಲ. 1967ರಲ್ಲಿ ಸ್ಥಾಪನೆಯಾದ ಬೆಂಗಳೂರಿನದೇ ವಿಎಸ್‌ಟಿ ಸಂಸ್ಥೆ ಟಿಲ್ಲರ್ ಮತ್ತು ಸಣ್ಣ ಟ್ರ್ಯಾಕ್ಟರುಗಳೆರಡನ್ನೂ ತಯಾರಿಸುತ್ತದೆ. ಮಹೀಂದ್ರ, ಸ್ವರಾಜ್, ಕುಬೋಟ ಸಂಸ್ಥೆಗಳ ಸಣ್ಣ ಮಾದರಿಗಳೂ ಲಭ್ಯ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಯಂತ್ರ ಕೊಳ್ಳುವವರು ಹಾಗೆಯೇ ಬಿಡಿಭಾಗದ ಅಂಗಡಿಯನ್ನು ನೋಡಬೇಕು. ಕ್ಲಚ್ ಪ್ಲೇಟು, ಫಿಲ್ಟರು, ರೋಟವೇಟರ್ ಬ್ಲೇಡು ದೊಡ್ಡಬಳ್ಳಾಪುರ ಪೇಟೆಯಲ್ಲಿಯೇ ಸಿಗುವ ಗಾಡಿಯು, ಹತ್ತು ಸಾವಿರ ಕಡಿಮೆಗೆ ಬಂದು ಬಿಡಿಭಾಗಕ್ಕೆ ಹದಿನೈದು ದಿನ ಕಾಯಿಸುವ ಗಾಡಿಗಿಂತ ಮೇಲು. ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆಯುವುದು, ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳದಲ್ಲಿ ಯಂತ್ರಗಳನ್ನು ಕಣ್ಣಾರೆ ಕಂಡು ಹೋಲಿಸುವುದು ಶ್ರೇಯಸ್ಕರ.

ತೆರಿಗೆಯ ಆಸೆ ಮತ್ತು ವಾಸ್ತವ

2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಉಳುಮೆಯ ಸಲಕರಣೆಗಳು ಮತ್ತು ಹುಲ್ಲು ಕತ್ತರಿಸುವ ಯಂತ್ರಗಳಿಗೂ ಇದೇ ಇಳಿಕೆ ದೊರೆತಿದೆ. ಸ್ವಾಗತಾರ್ಹವೇ ಸರಿ. ಆದರೆ 5,00,000 ರೂ. ಮೂಲಬೆಲೆಯ ಗಾಡಿಯಲ್ಲಿ ಇದರಿಂದ ಉಳಿಯುವುದು ಒಂದು ಬಾರಿಗೆ 35,000 ರೂ.; ಗಾಡಿ ನಿಂತಲ್ಲಿ ನುಂಗುವುದು ಪ್ರತಿವರ್ಷ 90,000 ರೂ.

ಸಂಸ್ಥೆಯ ಹೆಸರಿನಲ್ಲಿ ಕೊಂಡು ಇನ್‌ಪುಟ್ ತೆರಿಗೆ ಜಮೆ ಪಡೆಯಬಹುದೆಂಬ ಸಲಹೆ ಪದೇ ಪದೇ ಕೇಳಿಬರುತ್ತದೆ. ತೋಟದ ಫಸಲು ತೆರಿಗೆ ವಿನಾಯಿತಿಯುಳ್ಳದ್ದಾದರೆ, ಅದಕ್ಕೆ ಬಳಸಿದ ಯಂತ್ರದ ತೆರಿಗೆಗೆ ಜಮೆ ದೊರೆಯುವುದಿಲ್ಲ. ಮಾಲೀಕರ ಸ್ವಂತ ಜಮೀನಿನ ಬಳಕೆ ವ್ಯವಹಾರದ ಬಳಕೆಯೂ ಅಲ್ಲ. ನೆರೆಯ ರೈತರಿಗೆ ಬಾಡಿಗೆಗೆ ಕೊಟ್ಟರೆ, ಕೃಷಿ ಯಂತ್ರದ ಬಾಡಿಗೆ ಜಿಎಸ್‌ಟಿಯಿಂದ ವಿನಾಯಿತಿ ಪಡೆದಿರುವುದರಿಂದ ಅಲ್ಲಿಯೂ ಜಮೆ ಇಲ್ಲ. ಆದಾಯ ತೆರಿಗೆಯಲ್ಲಿ ಆ ಬಾಡಿಗೆ ಕೃಷಿ ಆದಾಯವಾಗುವುದಿಲ್ಲ, ವ್ಯವಹಾರದ ಆದಾಯವಾಗಿ ತೆರಿಗೆಗೆ ಒಳಪಡುತ್ತದೆ. ಕಾರ್ಖಾನೆಯ ಲಾಭದಿಂದ ತೋಟದ ಟ್ರ್ಯಾಕ್ಟರಿನ ಸವಕಳಿಯನ್ನು ಕಳೆಯುವುದು ಕರ ನಿರ್ಧಾರಣೆಯಲ್ಲಿ ನಿಲ್ಲುವ ಮಾತಲ್ಲ.

ಇದಕ್ಕಿಂತ ಗಂಭೀರವಾದದ್ದು ಹಣದ ಮೂಲ. ಕಚ್ಚಾ ಸಾಮಗ್ರಿಗೂ ಸಂಬಳಕ್ಕೂ ಎಂದು ಬ್ಯಾಂಕು ಕೊಟ್ಟ ಕ್ಯಾಶ್ ಕ್ರೆಡಿಟ್ ಮಿತಿಯಿಂದ ಆರು ಲಕ್ಷ ತೆಗೆದು ಟ್ರ್ಯಾಕ್ಟರಿಗೆ ಹಾಕಿದರೆ, ಅಲ್ಪಾವಧಿಯ ಸಾಲ ಹನ್ನೆರಡು ವರ್ಷದ ಆಸ್ತಿಯಾಗಿ ಹೆಪ್ಪುಗಟ್ಟುತ್ತದೆ. ಮುಂದಿನ ತಿಂಗಳು ದೊಡ್ಡ ಗ್ರಾಹಕರೊಬ್ಬರ ಪಾವತಿ ತಡವಾದರೆ ಸಂಬಳದ ದಿನ ಖಾತೆ ಬರಿದಾಗಿರುತ್ತದೆ. ತೋಟದ ಯಂತ್ರಕ್ಕೆ ತೋಟದ ಹೆಸರಿನ ಅವಧಿ ಸಾಲವನ್ನೇ ಪಡೆಯುವುದು, ತೋಟಕ್ಕೆ ಪ್ರತ್ಯೇಕ ಖಾತೆ ಮತ್ತು ಪ್ರತ್ಯೇಕ ಪುಸ್ತಕ ಇಡುವುದು ಸರಿಯಾದ ಕ್ರಮ.

ಕಾನೂನಿನ ಇನ್ನೊಂದು ಮುಖವನ್ನೂ ಮರೆಯಬಾರದು. ಕೃಷಿ ಟ್ರ್ಯಾಕ್ಟರ್ ಎಂದು ನೋಂದಣಿಯಾದ ಗಾಡಿಗೆ ಟ್ರೈಲರ್ ಜೋಡಿಸಿ ಕಾರ್ಖಾನೆಯ ನೂಲನ್ನೋ ಗುಜರಿಯನ್ನೋ ಸಾಗಿಸುವಾಗ ಅಪಘಾತವಾದರೆ ವಿಮಾ ಸಂಸ್ಥೆ ಹೊಣೆ ನಿರಾಕರಿಸಲು ಅವಕಾಶವಾಗುತ್ತದೆ. ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಹೋದವರಿಗೆ ಪೆಟ್ಟಾದರೂ ಅದೇ ಪಾಡು. ಕಾರ್ಖಾನೆಯ ಕಾರ್ಮಿಕನನ್ನು ಭಾನುವಾರ ತೋಟದ ಗಾಡಿ ಓಡಿಸಲು ಕಳುಹಿಸಿ ಅನಾಹುತವಾದರೆ, ಅದು ಉದ್ಯೋಗದಲ್ಲಿ ಆದ ಗಾಯವೇ ಎಂಬ ಪ್ರಶ್ನೆ ಎದ್ದು ಇಎಸ್‌ಐ ಪರಿಹಾರವೂ ಜಟಿಲವಾಗುತ್ತದೆ. ಆ ಕಾರ್ಮಿಕನ ಸಂಸಾರದ ಹೊಣೆಯನ್ನು ಯಾವ ಲೆಕ್ಕದ ಪುಸ್ತಕವೂ ತೀರಿಸಲಾರದು.

ಸಾಮೂಹಿಕ ಪರಿಹಾರ

ಮಗ್ಗದೂರಾದ ದೊಡ್ಡಬಳ್ಳಾಪುರಕ್ಕೆ ಹಂಚಿಕೊಂಡು ದುಡಿಯುವುದು ಹೊಸ ಪಾಠವಲ್ಲ. ಹುರಿ ಮಾಡುವವರು, ಬಣ್ಣ ಹಾಕುವವರು, ನೇಯುವವರು ಬೇರೆಬೇರೆಯಾಗಿದ್ದೂ ಒಂದೇ ಸೀರೆ ಸಿದ್ಧವಾಗುತ್ತದೆ. ಪ್ರತಿ ನೇಕಾರನೂ ಎಲ್ಲ ಯಂತ್ರಗಳನ್ನೂ ಕೊಳ್ಳುವುದಿಲ್ಲ. ಅದೇ ವಿವೇಕವನ್ನು ತೋಟಕ್ಕೂ ಅನ್ವಯಿಸಬಹುದು. ರಾಜ್ಯದಲ್ಲಿ 2014-15ರಿಂದ ಹೋಬಳಿ ಮಟ್ಟದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳು ಇರುವುದೇ ಈ ಉದ್ದೇಶಕ್ಕೆ. ಅಕ್ಕಪಕ್ಕದ ಮೂರು ನಾಲ್ಕು ತೋಟಗಳ ಒಡೆಯರು ಲಿಖಿತ ಒಪ್ಪಂದದೊಡನೆ ಒಂದೇ ಸಣ್ಣ ಟ್ರ್ಯಾಕ್ಟರ್ ಕೊಂಡು, ಗಂಟೆಮಾಪಕದ ಪ್ರಕಾರ ವೆಚ್ಚ ಹಂಚಿಕೊಂಡರೆ 90,000 ರೂ. ಹೊರೆ ಸರಾಸರಿ ತಲಾ 22,500-30,000 ರೂ.ಗೆ ಇಳಿಯುತ್ತದೆ. ಹದದ ದಿನಗಳಲ್ಲಿ ಸರದಿ ಯಾರದು, ರಿಪೇರಿ ಯಾರ ಹೊಣೆ ಎಂಬುದನ್ನು ಮೊದಲೇ ಬರೆದಿಡಬೇಕು. ಬಾಯಿಮಾತಿನ ಪಾಲುದಾರಿಕೆ ಮೊದಲ ಮಳೆಗೇ ಒಡೆಯುತ್ತದೆ.

ವಾಣಿಜ್ಯ ಮಂಡಳಿಗಳು ತಮ್ಮ ಸದಸ್ಯರಿಗಾಗಿ ಇಂಥ ಒಪ್ಪಂದದ ಮಾದರಿಯೊಂದನ್ನು ಸಿದ್ಧಪಡಿಸಿ ಕೊಡುವುದು ಉಪಯುಕ್ತ ಸೇವೆಯಾದೀತು. ಸದಸ್ಯರು ತಮ್ಮ ಪಾಲಿಗೆ ಮಾಡಬೇಕಾದದ್ದು ಇಷ್ಟೆ: ಒಂದು ವರ್ಷ ಬಾಡಿಗೆಯ ಗಾಡಿಯಲ್ಲಿ, ಕೂಲಿಯಾಳುಗಳಲ್ಲಿ ಕೆಲಸ ನಡೆಸಿ, ಪ್ರತಿ ಗಂಟೆಯನ್ನೂ ಪ್ರತಿ ಆಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಹನ್ನೆರಡು ತಿಂಗಳ ಆ ಪುಟಗಳು ಯಾವ ಯಂತ್ರ ಬೇಕು, ಅಥವಾ ಯಾವುದೂ ಬೇಡ ಎಂಬುದನ್ನು ಮಾರಾಟ ಪ್ರತಿನಿಧಿಗಿಂತ ಪ್ರಾಮಾಣಿಕವಾಗಿ ಹೇಳುತ್ತವೆ.