ಗುಂಡು ನಿಲ್ಲುವ ಜಾಗ

ಹನೂರು ಕಡೆಯ ಒಂದು ಜೋಳದ ಹೊಲ. ಬೆಳಿಗ್ಗೆ ಆರೂವರೆ. ರಾತ್ರಿ ಹಂದಿ ನುಗ್ಗಿ ಹೋಗಿತ್ತು. ತಿಂದ ತೆನೆ ಕಡಿಮೆ, ಮಲಗಿಸಿದ ದಂಟೇ ಹೆಚ್ಚು. ಮೂತಿಯಿಂದ ಮೀಟಿದ ಕುಳಿಗಳು ಸಾಲಿನುದ್ದಕ್ಕೂ ಗೇಣುಗೇಣಿಗೆ ಬಾಯಿ ತೆರೆದಿದ್ದವು, ಒಳಗಿನ ಮಣ್ಣು ಇನ್ನೂ ಹಸಿಯಾಗಿತ್ತು. "ಹಂದಿ ತಿನ್ನಾಕ ಬರಲ್ಲ ಸಾ, ಉಳಾಕ ಬತ್ತದ," ಅಂದರು ಹೊಲದ ಯಜಮಾನರು. ಆಮೇಲೆ ಅಟ್ಟಣೆಯ ಕಂಬಕ್ಕೆ ಒರಗಿ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ಅಮೆರಿಕದವನೊಬ್ಬ ನಳಿಗೆ ಒಂದು ಕಡೆಯಿಂದ, ಮರದ ಹಿಡಿ ಇನ್ನೊಂದು ಕಡೆಯಿಂದ, ದುರ್ಬೀನು ಮತ್ತೊಂದು ಕಡೆಯಿಂದ ತರಿಸಿ, ತನ್ನ ಭುಜದ ಅಳತೆಗೆ ಜೋಡಿಸಿಕೊಂಡ ರೈಫಲ್‌ನಿಂದ ಅರ್ಧ ಕಿಲೋಮೀಟರ್ ಆಚೆಯ ಹಂದಿಯನ್ನು ಕೆಡವುತ್ತಾನೆ. "ಇಂಥದ್ದೊಂದ ನಮ್ಗೂ ಕೊಟ್ರ ಏನಾಗ್ಬುಡ್ತದ ಸಾ?"

ಕಾನೂನನ್ನು ಕೇಳಿದರೆ ಉತ್ತರ ಒಂದೇ ಮಾತಿನದು: ಆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಶಿಕಾರಿ ಅಪರಾಧ. ನಳಿಗೆ ತರಿಸಿ ಮನೆಯಲ್ಲೇ ರೈಫಲ್ ಜೋಡಿಸಿಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಜೈಲಿನ ದಾರಿ. ಹಾಗಂತ ಈ ಕಾಯ್ದೆಗಳು ರೈತನನ್ನು ಪೂರಾ ಮರೆತಿಲ್ಲ. ಬೆಳೆ ಕಾಯುವವನಿಗೆ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡಬಹುದು ಎಂದು ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಹೆಸರು ಹಿಡಿದೇ ಹೇಳುತ್ತದೆ. ನಿಂತ ಬೆಳೆಗೆ ಕಂಟಕವಾದ ಹಂದಿಯಂಥ ಪ್ರಾಣಿಯನ್ನು ಹೊಡೆಯಲು ಲಿಖಿತ ಅನುಮತಿ ಕೊಡುವ ಅವಕಾಶ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿದೆ. ಕೇರಳ 2022ರಲ್ಲಿ ಈ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಕೈಗೇ ಇಳಿಸಿತು. ಅಂದರೆ ಕೊಲ್ಲುವುದಕ್ಕೆ ಕಾನೂನಿನಲ್ಲಿ ಸಣ್ಣದೊಂದು ಬಾಗಿಲು ಇದೆ. ಆದರೆ ಬೆಳೆ ಕಾಯುವವನ ಕೈಗೆ ಅದು ಕೊಡಲು ಒಪ್ಪುವ ಆಯುಧ ಮಾತ್ರ ಮುತ್ತಜ್ಜನ ಕಾಲದ್ದು.

ಅಂಥದೊಂದು ನನ್ನ ಸೋದರಮಾವನ ಮನೆಯಲ್ಲಿತ್ತು. ನಳಿಗೆ ಮೇಲೆ ಮಾಡಿ ನಿಲ್ಲಿಸಬೇಕು, ಮದ್ದು ಸುರಿಯಬೇಕು, ತೆಂಗಿನ ನಾರು ತುರುಕಿ ಗಜದಿಂದ ಜಡಿಯಬೇಕು, ಸೀಸದ ಚೂರು ಹಾಕಿ ಮತ್ತೆ ನಾರು, ಮತ್ತೆ ಜಡಿತ, ಕೊನೆಗೆ ಕೇಪು. ಇಷ್ಟಾಗುವುದರೊಳಗೆ ಹಂದಿ ಪಕ್ಕದವರ ಹೊಲ ಮುಗಿಸಿರುತ್ತಿತ್ತು. ಚುನಾವಣೆ ಬಂದಾಗೆಲ್ಲ ಅದನ್ನು ಹಳೆ ಪಂಚೆಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ತಂದು ತುಕ್ಕು ಉಜ್ಜುವುದು. ಮಾವ ಅದರಲ್ಲಿ ಹಾರಿಸಿದ್ದಕ್ಕಿಂತ ಉಜ್ಜಿದ್ದೇ ಹೆಚ್ಚು.

ರೈಫಲ್ ಬೇಕೆನ್ನುವವರ ವಾದಕ್ಕೆ ನಿಜವಾದ ಬಲ ಇರುವುದು ಇಲ್ಲೇ. ಮದ್ದಿನ ಬಂದೂಕಿನ ನಳಿಗೆ ಒಳಗೆ ನುಣುಪು. ಐವತ್ತು ಮೀಟರ್ ದಾಟಿದರೆ ಸೀಸ ಎಲ್ಲಿಗೆ ಹೋಯಿತೆಂದು ಹಾರಿಸಿದವನಿಗೂ ತಿಳಿಯದು. ಹೊಟ್ಟೆಗೋ ತೊಡೆಗೋ ಚೂರು ಹೊಕ್ಕ ಹಂದಿ ಪೊದೆ ಸೇರಿ ದಿನಗಟ್ಟಲೆ ನರಳಿ ಸಾಯುತ್ತದೆ, ಇಲ್ಲವೇ ಮಾರನೆ ದಿನ ಸೌದೆಗೆ ಬಂದವಳ ಮೇಲೆ ಬೀಳುತ್ತದೆ. ರೈಫಲ್ ನಳಿಗೆಯೊಳಗಿನ ಸುರುಳಿ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಅದು ನೆಟ್ಟಗೆ ಹೋಗುತ್ತದೆ. ಕೊಲ್ಲಲೇಬೇಕಾದರೆ ಒಂದೇ ಏಟಿಗೆ ಕೊಲ್ಲುವ ಆಯುಧದಿಂದ ಕೊಲ್ಲಿ ಎಂಬ ಮಾತನ್ನು ಕ್ರೌರ್ಯ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೂ ಒಂದು ಮಾತು ಅವರ ಪರ ಇದೆ. ಬಂದೂಕು ಇಲ್ಲ ಅಂದ ಮಾತ್ರಕ್ಕೆ ಕೊಲ್ಲುವುದು ನಿಂತಿಲ್ಲ. ಬೈಕಿನ ಕ್ಲಚ್ ವೈರಿನ ಉರುಳಿದೆ, ಹಿಟ್ಟಿನುಂಡೆಯೊಳಗೆ ಅಡಗಿಸಿಟ್ಟ ಸಿಡಿಮದ್ದಿದೆ, ಕಂಬದಿಂದ ಕದ್ದು ಬೇಲಿಗೆ ಎಳೆದ ಕರೆಂಟಿದೆ. ಇವಕ್ಕೆ ಹಂದಿ ಯಾವುದು, ಚಿರತೆ ಯಾವುದು, ನೀರು ಕಟ್ಟಲು ಹೋದ ಪಕ್ಕದ ಹೊಲದ ಹುಡುಗ ಯಾರು, ಗೊತ್ತಾಗುವುದಿಲ್ಲ. 2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿ ಸತ್ತು ಬಿದ್ದಿದ್ದವು. ವಿಷ ಬೆರೆತ ಹಸುವಿನ ಕಳೇಬರ ತಿಂದು ಸತ್ತದ್ದು. ಹುಲಿಯ ಮೇಲೆ ಕೂತ ಮಾದಪ್ಪನ ಸೀಮೆಯಲ್ಲಿ. ಬಂದೂಕು ಹಿಡಿದವನು ಕಡೇಪಕ್ಷ ಕಣ್ಣಿಟ್ಟು ನೋಡಿ ಹೊಡೆಯುತ್ತಾನೆ, ವಿಷ ಇಟ್ಟವನು ಮನೆಗೆ ಹೋಗಿ ಮಲಗಿರುತ್ತಾನೆ.

ಆದರೆ ಮೀಣ್ಯಂ ಹೆಸರು ಬಂದರೆ ಈ ಕಡೆಯ ಹಿರಿಯರಿಗೆ ಮೊದಲು ನೆನಪಾಗುವುದು ಹುಲಿಯಲ್ಲ. 1992ರ ಆಗಸ್ಟ್ 14ರಂದು ಎಸ್ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಜೊತೆಗಿದ್ದ ಪೊಲೀಸರು ದಂತಚೋರ ವೀರಪ್ಪನ್ ಗುಂಪಿನ ಗುಂಡಿಗೆ ಬಿದ್ದದ್ದು ಅಲ್ಲೇ. ಅದಕ್ಕೆ ಮೂರು ತಿಂಗಳ ಮುಂಚೆ ರಾಮಾಪುರ ಠಾಣೆಗೆ ನುಗ್ಗಿ ಪೊಲೀಸರನ್ನು ಕೊಂದು ಬಂದೂಕು ಹೊತ್ತೊಯ್ದಿದ್ದರು. ಗೋಪಿನಾಥಂನ ಆ ಹುಡುಗ ಒಂದೇ ದಿನಕ್ಕೆ ವೀರಪ್ಪನ್ ಆಗಲಿಲ್ಲ. ಕಾಡಿನಂಚಿನ ಊರಲ್ಲಿ ಬಂದೂಕು, ಅದನ್ನು ಬಲ್ಲ ಕೈ, ದಂತ ಕೊಳ್ಳುವ ವ್ಯಾಪಾರಿ, ಮೂರೂ ಸೇರಿದ್ದರಿಂದ ಆದ. 2004ರವರೆಗೆ ಈ ಸೀಮೆ ಅದಕ್ಕೆ ಬೆಲೆ ತೆತ್ತಿತು. ಹಂದಿಗೆಂದು ಕೊಟ್ಟ ರೈಫಲ್ ಹಂದಿಗೇ ನಿಲ್ಲುತ್ತದೆ, ಕಡವೆ ಕಂಡಾಗ ಬಿಲ್ಲುಗುದುರೆಯ ಮೇಲಿನ ಬೆರಳು ಸುಮ್ಮನಿರುತ್ತದೆ ಎಂದು ಅರಣ್ಯ ಇಲಾಖೆಯವರು ನಂಬದಿದ್ದರೆ ಅವರನ್ನು ಬೈಯುವುದು ಹೇಗೆ? ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಅಲ್ಲೂ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ಶಿಕಾರಿಗಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ದೂರದ ಲೆಕ್ಕ. ಒಳ್ಳೆಯ ಶಿಕಾರಿ ರೈಫಲ್‌ನ ಗುಂಡು ಸೆಕೆಂಡಿಗೆ 800 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. 300 ಮೀಟರ್ ತಲುಪಲು ಅರ್ಧ ಸೆಕೆಂಡೂ ಬೇಡ. ಅಷ್ಟರಲ್ಲೇ ಮೆಲ್ಲಗೆ ಓಡುವ ಹಂದಿ ಒಂದು ಮಾರು ಮುಂದೆ ಹೋಗಿರುತ್ತದೆ, ಎದೆಗೆ ಇಟ್ಟ ಗುರಿ ಹಂದಿಯ ಹಿಂದೆ ಬೀಳುತ್ತದೆ. ನೂರು ಮೀಟರಿಗೆ ಗುರಿ ಹೊಂದಿಸಿದ ರೈಫಲ್‌ನ ಗುಂಡು ಮುನ್ನೂರಕ್ಕೆ ಹೋಗುವಾಗ ಒಂದು ಅಡಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಗಾಳಿಯ ಸೆಳೆತ ಬೇರೆ. ವಿಡಿಯೊದವನು ಇದಕ್ಕೆಲ್ಲ ವರ್ಷಗಟ್ಟಲೆ ತೋಟಾ ಸುಟ್ಟಿರುತ್ತಾನೆ, ಅದನ್ನು ವಿಡಿಯೊದಲ್ಲಿ ತೋರಿಸುವುದಿಲ್ಲ. ಗುರಿ ತಪ್ಪಿದ ಗುಂಡಿನ ಕತೆ ಇನ್ನೂ ಕೆಟ್ಟದ್ದು. ಅದು ಮೂರು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಹನೂರಿನ ಹೊಲದಿಂದ ಮೂರು ಕಿಲೋಮೀಟರ್ ಅಂದರೆ ಒಂದು ದೊಡ್ಡಿ, ಒಂದು ಸೋಲಿಗರ ಪೋಡು, ಶಿವರಾತ್ರಿಗೋ ದೀಪಾವಳಿಗೋ ಆದರೆ ಮಾದಪ್ಪನ ಬೆಟ್ಟಕ್ಕೆ ರಾತ್ರಿಯಿಡೀ ನಡೆದು ಹೋಗುವ ಪರಸೆ.

ದೂರಕ್ಕೆ ಹೊಡೆಯುವಂಥ ಬಯಲು ನಮ್ಮಲ್ಲಿ ಎಲ್ಲಿದೆ ಅಂತ ನೋಡಿದರೆ ಅದೂ ಕಡಿಮೆಯೇ. ಯಳಂದೂರಿನ ಕಬ್ಬಿನ ಗದ್ದೆಯಲ್ಲಿ ಹಂದಿ ಹತ್ತು ಹೆಜ್ಜೆ ಆಚೆ ಇದ್ದರೂ ಕಾಣದು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಗೋಡೆಯಂತೆ ಎದ್ದು ನಿಂತಿದೆ. ಹಿಂದೆ ನಾವು ತರಗಿಗೆ ಬೆಂಕಿ ಇಟ್ಟು ಅದನ್ನು ಹದ್ದುಬಸ್ತಿನಲ್ಲಿಟ್ಟಿದ್ದೆವು ಎಂದು ಸೋಲಿಗರು ಹೇಳುತ್ತಲೇ ಇದ್ದಾರೆ. ಇದೇ ಸುತ್ತಿನ ಕಾಡುಗಳಲ್ಲಿ ಅಲೆದ ಶಿಕಾರಿ ಲೇಖಕ ಕೆನೆತ್ ಆಂಡರ್ಸನ್ ಕೈಯಲ್ಲಿ ಇದ್ದುದು .405 ವಿಂಚೆಸ್ಟರ್. ದೂರದ ಗುರಿಗಲ್ಲ, ಹತ್ತಿರದಲ್ಲಿ ಜೋರಾಗಿ ಬಡಿಯಲು ಹೆಸರಾದ ರೈಫಲ್ ಅದು.

ಇನ್ನು ವಿಡಿಯೊದ ದೇಶ. ಟೆಕ್ಸಾಸಿನಲ್ಲಿ ಹಂದಿ ಹೊರಗಿನಿಂದ ಬಂದು ಕಾಡು ಬಿದ್ದದ್ದು, ಹೊಡೆಯಲು ಕಾಲದ ಕಟ್ಟುಪಾಡಿಲ್ಲ. 2011ರಿಂದ ಹೆಲಿಕಾಪ್ಟರ್‌ನಲ್ಲಿ ಕೂತು ಹೊಡೆಯಲು ದುಡ್ಡು ಕೊಟ್ಟು ಹೋಗಬಹುದು. ಇಷ್ಟಾಗಿಯೂ ಅಲ್ಲಿ ಹಂದಿಯ ಕಾಟ ತೀರಿಲ್ಲ. ಇಲ್ಲಿನ ಹಂದಿ ಈ ಕಾಡಿನದೇ, ಹುಲಿಗೂ ಸೀಳುನಾಯಿಗೂ ಊಟ. ಅದು ಕಡಿಮೆಯಾದರೆ ಹುಲಿ ಕೊಟ್ಟಿಗೆ ಕಡೆ ತಿರುಗುತ್ತದೆ, ಆಮೇಲೆ ಮತ್ತೆ ಹಸುವಿನ ಕಳೇಬರ, ಮತ್ತೆ ವಿಷ.

ನನಗೆ ತೋಚುವುದು ಇಷ್ಟು. ಒಬ್ಬೊಬ್ಬ ರೈತನಿಗೂ ರೈಫಲ್ ಬೇಡ, ಹಾಗಂತ ಮಾವನ ಗಜದ ಬಂದೂಕೂ ಉತ್ತರವಲ್ಲ. ತರಬೇತಾದ ನಾಲ್ಕಾರು ಮಂದಿ, ಇಲಾಖೆಯ ಲೆಕ್ಕದಲ್ಲಿರುವ ಒಳ್ಳೆಯ ರೈಫಲ್, ಕರೆದ ರಾತ್ರಿಯೇ ಬರುವ ಏರ್ಪಾಡು. ಅಟ್ಟಣೆಯಿಂದ ಕೆಳಮುಖವಾಗಿ, ಐವತ್ತು ಅರವತ್ತು ಮೀಟರ್ ಒಳಗೆ ಹೊಡೆದರೆ ತಪ್ಪಿದ ಗುಂಡನ್ನು ಉತ್ತ ಮಣ್ಣೇ ನುಂಗಿಕೊಳ್ಳುತ್ತದೆ. ಕರೆದ ರಾತ್ರಿಯೇ ಎಂಬ ಮಾತು ಬರೆಯುವಾಗ ನನಗೇ ನಗು ಬಂತು, ಅದು ಬೇರೆ ವಿಷಯ.

ಇದನ್ನೆಲ್ಲ ಯಜಮಾನರಿಗೆ ಅವತ್ತೇ ಹೇಳಿದ್ದೆ. ಅವರು ಬಾಗಿದ ದಂಟೊಂದನ್ನು ಎತ್ತಿ ನಿಲ್ಲಿಸಿ, ಬುಡಕ್ಕೆ ಕಾಲಿನಿಂದ ಮಣ್ಣು ಒತ್ತುತ್ತಿದ್ದರು. ಕೈಬಿಟ್ಟ ಕೂಡಲೇ ಅದು ಮತ್ತೆ ವಾಲಿತು.

"ರೈಫಲ್ಲೋ ಮದ್ದಿನ್ದೋ, ಯಾವ್ದ ಕೊಟ್ರೂ ಅಟ್ಣ ಮ್ಯಾಲ ನಿದ್ದ ಕೆಡಾವ ನಾನೇ ಅಲ್ವ ಸಾ," ಅಂದು ತಗಡಿನ ಡಬ್ಬ, ಬಡಿಯುವ ಕೋಲು ಎತ್ತಿಕೊಂಡು ಮನೆ ಕಡೆ ಹೊರಟರು.